ಗಡ್ಡಿಯ ತಾಟು

ಕಮಲಾಪುರದ ಆಚೆ ಹಳ್ಳ ಎರಡು ಸೀಳಾಗಿ ಹರಿದು ಮತ್ತೆ ಕೂಡುವ ಕಡೆ ಒಂದು ನಡುಗಡ್ಡಿ ಇತ್ತು. ಕೆಳಗಡೆ ಹಳೆಯ ಒಡ್ಡು ಇದ್ದುದರಿಂದ ಬೇಸಿಗೆಯಲ್ಲೂ ಸುತ್ತ ಆಳೆತ್ತರ ನೀರು ನಿಲ್ಲುತ್ತಿತ್ತು. ಗಡ್ಡಿ ಸರ್ಕಾರದ್ದಲ್ಲ, ಊರಿನದೂ ಅಲ್ಲ. ಹೈದರಾಬಾದಿನಲ್ಲಿದ್ದ ಒಬ್ಬ ಜಾಗೀರದಾರನ ಸ್ವಂತದ್ದು. ಅವನ ಅಜ್ಜನೋ ಮುತ್ತಜ್ಜನೋ ಅಲ್ಲಿ ಕೆಂಪು ಬಾಳೆ ಹಾಕಿಸಿ, ನೋಡಿಕೊಳ್ಳಲು ಕೆಲವು ಮನೆಗಳನ್ನು ತಂದು ಕೂರಿಸಿದ್ದ. ಈಗ ಉಳಿದದ್ದು ಮೂರು ಮನೆ. ಧಣಿಯ ಮುಖವನ್ನು ಅವರಲ್ಲಿ ಯಾರೂ ನೋಡಿರಲಿಲ್ಲ. ನೋಡಿದ್ದು ಅವನ ಕಾರಭಾರಿ ಗುಲಾಮ್ ರಸೂಲನ ಮುಖ ಮಾತ್ರ.

ಗಡ್ಡಿಯವರು ಬಾಳೆಹಣ್ಣು ತಿನ್ನುವಂತಿರಲಿಲ್ಲ. ದಿಂಡು, ಹೂವು, ಎಲೆ ಅವರದು, ಗೊನೆ ಧಣಿಯದು. ಗೊನೆ ಕಡಿದು ತೆಪ್ಪದಲ್ಲಿ ದಾಟಿಸಿ ದಂಡೆಯ ಬೇವಿನ ಬುಡದ ಬಂಡೆಯ ಮೇಲೆ ಇಟ್ಟು ಬಂದರೆ, ಗುಲಾಮ್ ರಸೂಲ್ ಗಾಡಿ ತಂದು ಒಯ್ಯುತ್ತಿದ್ದ. ಅದೇ ಬಂಡೆಯ ಮೇಲೆ ಉಪ್ಪು, ಜೋಳ, ವರ್ಷಕ್ಕೊಮ್ಮೆ ಬಟ್ಟೆ ಇಟ್ಟು ಹೋಗುತ್ತಿದ್ದ. ಮಾತಾಡುವುದಿದ್ದರೆ ಬೇವಿಗೆ ತೂಗುಹಾಕಿದ್ದ ಹಿತ್ತಾಳೆ ತಾಟನ್ನು ಮೂರು ಸಲ ಬಡಿಯುತ್ತಿದ್ದ. ಆಗ ತೆಪ್ಪ ಹೋಗುತ್ತಿತ್ತು. ತಾಟು ಬಡಿಯದೆ ಹೆಸರು ಹಿಡಿದು ಕೂಗಿದವರಿಗೆ ಗಡ್ಡಿಯಲ್ಲಿ ಯಾರೂ ಓ ಅನ್ನುತ್ತಿರಲಿಲ್ಲ. ಹಿಂದೆ ಕಾಲರಾ ಬಂದ ವರ್ಷ ದಂಡೆಯಿಂದ ಹೆಸರು ಹಿಡಿದು ಕೂಗಿದವರಿಗೆ ಓ ಅಂದ ಮನೆಗಳೆಲ್ಲ ಹಾಳಾದವು, ಕೂಗಿದವರು ಕೂಗುವ ಮೊದಲೇ ಸತ್ತಿದ್ದರು ಎಂದು ಮುದುಕ ಮಾಪಣ್ಣ ಹೇಳುತ್ತಿದ್ದ.

ಮಾಪಣ್ಣನ ಮನೆಯಲ್ಲಿ ಅವನ ಹೆಂಡತಿ ಮಾನಮ್ಮ, ಮಗ ಅಂಬಣ್ಣ, ಸೊಸೆ ಶೇವಂತಾ, ಐದು ವರ್ಷದ ಮೊಮ್ಮಗಳು ತುಳಜಾ ಇದ್ದರು. ತೆಪ್ಪ ನಡೆಸುವವನು ಅಂಬಣ್ಣ. ಮಳೆಗಾಲದಲ್ಲಿ ಅವನೊಬ್ಬನೇ ದಂಡೆಗೆ ಹೋಗಿ ಬರುತ್ತಿದ್ದ. ಶೇವಂತಾ ಕಲಬುರಗಿಯಿಂದ ಬಂದವಳು. ಮದುವೆಯಾದ ಮೇಲೆ ಒಮ್ಮೆಯೂ ತವರು ಕಂಡಿರಲಿಲ್ಲ.

ಪೋಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಬಿದ್ದ ವಾರ ಹಳ್ಳ ತುಂಬಿ ಹರಿಯುತ್ತಿತ್ತು. ಮೂಡಲ ದಿಕ್ಕಿಗೆ ಎರಡು ದಿನ ಹೊಗೆ ಕಂಡಿತು. ನಿಜಾಮನ ಪರ ಇದ್ದ ರಜಾಕಾರರು ಓಡಿಹೋದರಂತೆ, ಈಗ ಊರುಗಳಲ್ಲಿ ಸಾಬರನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದಾರಂತೆ ಎಂದು ಅಂಬಣ್ಣ ಸುದ್ದಿ ತಂದ. ಮಾಪಣ್ಣ ಕೇಳಿ, "ನಮಗ್ಯಾಕ ಅದೆಲ್ಲ, ನಡುವ ನೀರದ," ಅಂದ.

ಅದರ ಮರುದಿನ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಉಣ್ಣಲು ಕೂತಿದ್ದರು. ಶೇವಂತಾ ರೊಟ್ಟಿ ಬಡಿಯುತ್ತಿದ್ದಳು. ದಂಡೆಯಿಂದ ದನಿ ಬಂತು.

"ಮಾಪಣ್ಣಾ..."

ಶೇವಂತಾಳ ಕೈ ಹಿಟ್ಟಿನ ಮೇಲೆ ನಿಂತಿತು.

"ಉಣ್ರಿ," ಅಂದಳು ಮಾನಮ್ಮ. "ಯಾರೂ ತಲಿ ಎತ್ತಬ್ಯಾಡ್ರಿ."

"ಅಂಬಣ್ಣಾ... ತೆಪ್ಪ ತಾರೋ..."

"ಅತ್ತಿ, ಅದು ರಸೂಲಚಾಚಾನ ದನಿ."

"ರಸೂಲಸಾಬ ಆಗಿದ್ರ ತಾಟು ಬಡೀತಿದ್ದ. ಇಷ್ಟು ವರ್ಷ ಬಡದಾನ, ಇವತ್ತ ಮರೀತಾನೇನು?"

"ದನಿ ಅವನದೇ ಅದ."

"ದನಿ ಯಾರದರ ಇರ್ತದ. ಅದಕ್ಕೇ ತಾಟು ಕಟ್ಟ್ಯಾರ. ನೀ ರೊಟ್ಟಿ ಬಡಿ, ಹೆಂಚು ಕಾದದ."

ಶೇವಂತಾ ಗಂಡನ ಮುಖ ನೋಡಿದಳು. ಅಂಬಣ್ಣ ತುತ್ತು ಕೈಯಲ್ಲಿ ಹಿಡಿದು ಪಲ್ಯದ ಕಡೆ ನೋಡುತ್ತಿದ್ದ. ದನಿ ಒಬ್ಬೊಬ್ಬರನ್ನೇ ಕರೆಯಿತು. ಮಾನಕ್ಕಾ ಅಂದಿತು. ಶೇವಂತಾ ಅಂದಿತು. ಆ ಹೆಸರನ್ನು ಕೇಳಿದಾಗ ಅವಳು ಎದ್ದಳು. ಮಾವ ಕೈ ಅಡ್ಡ ಹಿಡಿದ. ಆಮೇಲೆ ಸ್ವಲ್ಪ ಹೊತ್ತು ನೀರಿನ ಸದ್ದು ಮಾತ್ರ ಇತ್ತು. ಮುಗಿಯಿತು ಅಂದುಕೊಳ್ಳುವಾಗ ಕೊನೆಯ ಹೆಸರು ಬಂತು.

"ತುಳಜಾ... ತುಳಜವ್ವಾ..."

ಗುಲಾಮ್ ರಸೂಲ್ ಬಂದಾಗಲೆಲ್ಲ ಆ ಹುಡುಗಿಗೆ ಬತ್ತಾಸು ತರುತ್ತಿದ್ದ. ಹುಡುಗಿ ಬಾಯಿ ತೆರೆದಳು. "ಓ" ಅನ್ನುವಷ್ಟರಲ್ಲಿ ಮಾನಮ್ಮ ಅವಳ ಬಾಯಿಗೆ ಅಂಗೈ ಒತ್ತಿದಳು. ದನಿ ನಿಂತು ಬಹಳ ಹೊತ್ತಾದರೂ ಕೈ ತೆಗೆಯಲಿಲ್ಲ. ತೆಗೆದಾಗ ಮಗುವಿನ ತುಟಿಯ ಸುತ್ತ ಬೆರಳಿನ ಗುರುತು ಕೂತಿತ್ತು.

ಬೆಳಿಗ್ಗೆ ಅಂಬಣ್ಣ ದಂಡೆಗೆ ಹೋಗಿ ಬಂದ.

"ಏನರ ಕಂಡಿತೇನ್ರಿ?" ಶೇವಂತಾ ಕೇಳಿದಳು.

"ಏನಿಲ್ಲ."

"ಏನೇನೂ?"

"ಕೆಸರಾಗ ಕಾಲಾಗಿನ ಜೋಡು ಒಂದು ಇತ್ತು. ಯಾರದೋ."

"ಒಂದೇ?"

"ಒಂದೇ. ನೀ ಒಲಿ ನೋಡು ಹೋಗು."

ಮಹಾನವಮಿ ಹೊತ್ತಿಗೆ ನಾಲ್ಕು ಗೊನೆ ಬಲಿತವು. ಕಟ್ಟಳೆಯಂತೆ ಅಂಬಣ್ಣ ಒಯ್ದು ಬಂಡೆಯ ಮೇಲೆ ಇಟ್ಟು ಬಂದ. ಯಾರು ಒಯ್ಯುತ್ತಾರೆ ಎಂದು ಯಾರೂ ಕೇಳಲಿಲ್ಲ. ಮೂರು ದಿನ ಬಿಟ್ಟು ಹೋದವನು ಉಪ್ಪಿನ ಗಂಟು ಹಿಡಿದು ಬಂದ.

"ಬಂಡಿ ಮ್ಯಾಲ ಇತ್ತೇನು?" ಅಂದ ಮಾಪಣ್ಣ.

"ಇತ್ತು. ಗೊನಿ ಇರಲಿಲ್ಲ."

ಮಾಪಣ್ಣನ ಮುಖ ಅರಳಿತು. "ನೋಡಿದ್ಯಾ ಶೇವಂತಾ? ರಸೂಲಸಾಬ ಜೀವಂತ ಅದಾನ. ಅವತ್ತ ಕೂಗಿದ್ದು ಅವನಲ್ಲ. ಅವನಾಗಿದ್ರ ಸಿಟ್ಟಾಗಿ ಉಪ್ಪು ನಿಲ್ಲಸ್ತಿದ್ದ."

ಮಾನಮ್ಮ ಗಂಟು ಬಿಚ್ಚಿ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿದಳು. ಗಡಿಗೆಗೆ ಸುರಿದಳು.

ಶೇವಂತಾಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅಷ್ಟರಲ್ಲಿ ಮಗುವಿನದು ಶುರುವಾಗಿತ್ತು. ಹೆಸರು ಹಿಡಿದು ಕರೆದರೆ ತುಳಜಾ ಓ ಅನ್ನುತ್ತಿರಲಿಲ್ಲ. ಕಿವಿ ಕೇಳದೆ ಅಲ್ಲ. ಅಂಗಳದಲ್ಲಿ ಪಿಸುಗುಟ್ಟಿದ್ದು ಅವಳಿಗೆ ಒಳಗೆ ಕೇಳುತ್ತಿತ್ತು. ಪಕ್ಕದಲ್ಲಿ ಕೂತು ಮಾತಾಡಿದರೆ ಮಾತಾಡುತ್ತಿದ್ದಳು. ಆದರೆ "ತುಳಜಾ" ಅಂದ ಕೂಡಲೇ ಮೈ ಬಿಗಿ ಹಿಡಿದು, ನೆಲ ನೋಡುತ್ತ, ದನಿ ನಿಲ್ಲುವವರೆಗೆ ಕಾಯುತ್ತಿದ್ದಳು. ಉಣ್ಣುವ ತಾಟನ್ನು ಸೌಟಿನಿಂದ ಬಡಿದರೆ ಎದ್ದು ಓಡಿ ಬರುತ್ತಿದ್ದಳು.

"ಕಲತಾಳ," ಅಂದಳು ಮಾನಮ್ಮ. "ನನಗ ಕಲೀಲಾಕ ಎರಡು ವರ್ಷ ಹಿಡೀತು."

"ನಾ ಆಕಿ ತಾಯಿ ಅತ್ತಿ. ನಾ ದಂಡಿ ಮ್ಯಾಲ ನಿಂತು ಕೂಗಿಲ್ಲ. ಒಲಿ ಮುಂದ ಕೂತು ಕರೀಲಾಕತ್ತೀನಿ."

"ಕೂಸಿಗೆ ಒಲಿ, ದಂಡಿ ಏನು ಗೊತ್ತಾಗ್ತದ? ದೊಡ್ಡಾಕಿ ಆದ್ಮ್ಯಾಲ ತಿಳೀತದ."

"ದೊಡ್ಡಾಕಿ ಆಗತನಕ ನಾಯಿ ಕರದಂಗ ತಾಟು ಬಡದು ಕರೀಲೇನು?"

"ನಾಯಿ ಹೆಸರಿಗೆ ಬರ್ತದವ್ವ," ಅಂದ ಮಾಪಣ್ಣ ಬಾಗಿಲಲ್ಲಿ ಬೀಡಿ ಕಟ್ಟುತ್ತ. ಅದು ಚೇಷ್ಟೆಯೋ ಬುದ್ಧಿಮಾತೋ ಯಾರಿಗೂ ತಿಳಿಯಲಿಲ್ಲ. ಯಾರೂ ನಗಲಿಲ್ಲ.

ದೀಪಾವಳಿ ಮುಗಿದ ವಾರ ಶೇವಂತಾ ಹಳ್ಳದ ಅಂಚಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗು ಸ್ವಲ್ಪ ದೂರದಲ್ಲಿ ಬಾಳೆಪಟ್ಟೆಯ ದೋಣಿ ಬಿಡುತ್ತಿತ್ತು. ದೋಣಿ ಜಾರಿತು. ಹುಡುಗಿ ಅದರ ಹಿಂದೆ ಇಳಿದಳು.

"ತುಳಜಾ! ಹಿಂದಕ ಬಾ!"

ಹುಡುಗಿ ಒಮ್ಮೆ ನಿಂತಳು. ಮೈ ಬಿಗಿಯಾಯಿತು. ಹಿಂದೆ ತಿರುಗದೆ ಮತ್ತೊಂದು ಹೆಜ್ಜೆ ಮುಂದಿಟ್ಟಳು, ಕರೆಯುವ ದನಿಯಿಂದ ದೂರ. ನೀರು ಸೊಂಟಕ್ಕೆ ಬಂತು. ಶೇವಂತಾ ಕೂಗುತ್ತಲೇ ಓಡಿದಳು. ಕೂಗಿದಷ್ಟೂ ಹುಡುಗಿ ಮುಂದೆ ಮುಂದೆ ಹೋದಳು. ಆಗ ತಾಯಿಗೆ ಬುದ್ಧಿ ಬಂತು. ಕೂಗುವುದನ್ನು ನಿಲ್ಲಿಸಿ, ಹಿಂದಕ್ಕೆ ಬಂದು ಒಗೆಯುವ ಕಲ್ಲಿನ ಮೇಲಿದ್ದ ತಂಬಿಗೆ ಎತ್ತಿ ಕಲ್ಲಿಗೆ ಬಡಿದಳು. ಹುಡುಗಿ ಥಟ್ಟನೆ ತಿರುಗಿ, ನಗುತ್ತ, ನೀರು ತುಳಿದು ಬಂದಳು.

ಆ ದಿನ ಶೇವಂತಾ ಮಗುವಿನ ಮೈ ಒರೆಸಿ ಮನೆಗೆ ಕರೆತಂದಳು. ಬಟ್ಟೆ ಒಣಹಾಕಿದಳು. ಆಡಿಗೆ ಹಾಸಲು ಒಣಎಲೆ ತರೋಣವೆಂದು ಕೊಟ್ಟಿಗೆಗೆ ಹೋದಳು. ಮೇಲಿನ ಎಲೆ ಹಸಿಯಾಗಿದ್ದವು, ಬುಡಕ್ಕೆ ಕೈ ಹಾಕಿದಳು. ಕೈಗೆ ತಣ್ಣಗಿನ ಲೋಹ ತಗಲಿತು.

ಸಂಜೆ ಪುಂಡಿಪಲ್ಯ ಮಾಡಿದ್ದಳು. ಮಾವನಿಗೆ ಅವನ ತಾಟು, ಅತ್ತೆಗೆ ಅವಳ ತಾಟು ಇಟ್ಟಳು. ಗಂಡನ ಮುಂದೆ ಎರಡು ರೊಟ್ಟಿ, ಪಲ್ಯ, ಉಳ್ಳಾಗಡ್ಡಿ ಹಾಕಿ ದೊಡ್ಡ ಹಿತ್ತಾಳೆ ತಾಟೊಂದನ್ನು ಇಟ್ಟಳು. ಅಂಚಿನಲ್ಲಿ ಹಗ್ಗ ಪೋಣಿಸುವ ಎರಡು ತೂತು ಇದ್ದವು.

ಮಾಪಣ್ಣ ಅಗಿಯುವುದನ್ನು ನಿಲ್ಲಿಸಿದ. "ಇದು ಬೇವಿನ ತಾಟು."

"ಹೌದ್ರಿ ಮಾವ. ಆಡಿನ ಕೊಟ್ಟಿಗ್ಯಾಗ ಎಲಿ ಬುಡಕ ಇತ್ತು."

ಅಂಬಣ್ಣ ರೊಟ್ಟಿ ಮುಟ್ಟಲಿಲ್ಲ.

"ರಜಾಕಾರರು ತಿರಗಾಡ್ಲಾಕತ್ತಿದ್ರು," ಅಂದ. "ಕಂಡವ್ರು ಬಡದು ತೆಪ್ಪ ಕರಸಿಕೊಂಡ್ರ ಏನ್ ಮಾಡ್ಬೇಕಿತ್ತು? ಬಿಚ್ಚಿ ತಂದೆ."

"ಯಾವಾಗ?" ಮಾಪಣ್ಣ ಕೇಳಿದ.

"ಹಳ್ಳ ತುಂಬಿ ಬಂದಾಗ."

"ಹಂಗಾದ್ರ ಅವತ್ತ ತಾಟು ಇರಲಿಲ್ಲ."

"ಇರಲಿಲ್ಲ."

"ಅವ ಏನು ಬಡೀಬೇಕಿತ್ತು? ತನ್ನ ತಲಿ ಬಡಕೋಬೇಕಿತ್ತೇನು?" ಶೇವಂತಾಳ ದನಿ ಏರಿತು. "ನಮಗ್ಯಾರಿಗೂ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು. ಕೂತು ಉಂಡ್ರಿ."

"ಉಣ್ಣಲಿಲ್ಲ. ತುತ್ತು ಕೈಯಾಗೇ ಇತ್ತು."

"ಬಾಯಿ ಖಾಲಿ ಇತ್ತಲ್ಲ! ಹೇಳಲಾಕ ಏನಾಗಿತ್ತು?"

"ಏನಂತ ಹೇಳಲಿ? ಧಣಿ ತಾಟು ಕದ್ದೀನಿ ಅಂತ ಅಪ್ಪನ ಮುಂದ ಹೇಳಲೇನು? ಈಗ ಹೇಳೋಣು, ಈಗ ಹೇಳೋಣು ಅಂತ ಕೂತಿದ್ದೆ. ಅಷ್ಟರಾಗ ದನಿ ನಿಂತು ಹೋತು."

ಮಾಪಣ್ಣ ಕೇಳಿದ. "ಮತ್ತ ಉಪ್ಪು ಯಾರು ಇಡ್ಲಾಕತ್ತ್ಯಾರ?"

ಅಂಬಣ್ಣ ತಾಟನ್ನು ಮುಂದಕ್ಕೆ ತಳ್ಳಿದ. ಮಾನಮ್ಮ ರೊಟ್ಟಿ ಮುರಿಯುತ್ತ ಅಂದಳು, "ಇವನೇ. ಗೊನಿ ಕಮಲಾಪುರದಾಗ ಮಾರಿ ತರ್ತಾನ. ರಸೂಲಸಾಬ ಹರಳುಪ್ಪು ತರ್ತಿದ್ದ. ಇದು ಸಣ್ಣುಪ್ಪು."

"ಗೊತ್ತಿದ್ದೂ ಸುಮ್ಮನಿದ್ದಿ?" ಅಂದ ಮಾಪಣ್ಣ.

"ಉಪ್ಪು ಬೇಕಾಗಿತ್ತು," ಅಂದಳು ಮಾನಮ್ಮ.

ಆಮೇಲೆ ಹತ್ತು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು, ಕೆಲಸ ಕಡಿಮೆಯಾಗಲಿಲ್ಲ. ಮಾಪಣ್ಣ ತೋಟದಲ್ಲಿ ಬಾಳೆಕಂದು ಕೀಳುತ್ತ ಕೀಳುತ್ತ ನಿಂತು ದಂಡೆಯ ಕಡೆ ಕಿವಿ ಕೊಡುತ್ತಿದ್ದ. ಉಳಿದ ಎರಡು ಮನೆಯವರಿಗೆ ಯಾರೂ ಏನೂ ಹೇಳಲಿಲ್ಲ. ಆದರೂ ಅವರು ದೀಪ ಹಚ್ಚುವ ಮೊದಲೇ ಬಾಗಿಲು ಹಾಕತೊಡಗಿದರು.

ಶೇವಂತಾ ನಿರ್ಧಾರ ಮಾಡಿ ಒಂದು ಬೆಳಿಗ್ಗೆ ಹೇಳಿದಳು. "ನಾ ಕಲಬುರಗಿಗೆ ಹೋಗ್ತೀನಿ. ಶಹಾಬಜಾರದಾಗ ರಸೂಲಚಾಚಾನ ತಂಗಿ ಗಂಡ ನಬಿಸಾಬ್ ಕಲಾಯಿ ಅಂಗಡಿ ಇಟ್ಟಾನಂತ. ಚಾಚಾನೇ ಹೇಳ್ತಿದ್ದ. ಬದುಕಿದ್ರ ಅಲ್ಲೇ ಇರ್ತಾನ."

"ಇದ್ರ?" ಅಂದಳು ಮಾನಮ್ಮ.

"ಪೋರಿನ ಅವನ ಮುಂದ ನಿಂದರಸ್ತೀನಿ. ಅವ ಹೆಸರು ಹಿಡದು ಕರೀಲಿ. ಅವತ್ತ ಕೂಗಿದ್ದು ಮನುಷ್ಯಾ ಅಂತ ಆಕಿಗೆ ತಿಳೀಲಿ. ಇಲ್ಲಂದ್ರ ಒಂದಿನ ನಾ ಕೂಗಿ ಕೂಗಿ ಆಕಿನ ನೀರಿಗೆ ದೂಡ್ತೀನಿ."

"ಸತ್ತಿದ್ರ?"

ಶೇವಂತಾ ಮಗುವಿನ ಬಟ್ಟೆ ಗಂಟು ಕಟ್ಟತೊಡಗಿದಳು.

"ಹೊರಗ ಒಂದು ರಾತ್ರಿ ಮಲಗಿದ ಹೆಂಗಸಿಗೆ ತೆಪ್ಪ ಬರಂಗಿಲ್ಲ. ಮದವಿ ದಿನಾನೇ ಹೇಳೀನಿ."

"ತಾಟು ನನ್ನ ಕೈಯಾಗ ಅದ ಅತ್ತಿ. ಇನ್ನ ಯಾರಿಗೂ ಬರಂಗಿಲ್ಲ."

"ಕೊಡು ಅದನ್ನ!" ಮಾನಮ್ಮ ಎದ್ದಳು.

"ಒಯ್ಯಲಿ ಬಿಡು," ಅಂದ ಮಾಪಣ್ಣ. "ಇನ್ನ ಅದರ ಸಪ್ಪಳ ಕೇಳಿದ್ರೂ ನಾ ತೆಪ್ಪ ಕಳಸಂಗಿಲ್ಲ. ಯಾರು ಬಡದಾರಂತ ಹೆಂಗ ತಿಳೀಬೇಕು?"

ಅಂಬಣ್ಣ ತೆಪ್ಪ ನಡೆಸಿದ. ನಡುನೀರಿನಲ್ಲಿ ಕೇಳಿದ. "ಸಿಕ್ರ ಏನಂತ ಹೇಳ್ತಿ?"

"ನೀವು ಏನು ಹೇಳು ಅಂತೀರಿ, ಅದನ್ನೇ ಹೇಳ್ತೀನಿ."

ಅವನು ಕೋಲು ಒತ್ತಿ ಒತ್ತಿ ತೆಪ್ಪವನ್ನು ದಂಡೆಗೆ ಮುಟ್ಟಿಸಿದ. ಅವಳು ಮಗುವನ್ನು ಇಳಿಸಿಕೊಂಡು, ತಾಟನ್ನು ಸೀರೆಯ ತುಂಡಿನಲ್ಲಿ ಸುತ್ತಿ ಬಗಲಿಗಿಟ್ಟುಕೊಂಡು ಬೇವು ದಾಟಿ ನಡೆದಳು. ಹಿಂದಿನಿಂದ ಅವಳ ಹೆಸರು ಕೇಳಿತು. ಮದುವೆಯಾದಾಗಿನಿಂದ ಗಂಡ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಅವಳು ತಿರುಗಲಿಲ್ಲ. ಹುಮನಾಬಾದ ರಸ್ತೆಗೆ ಬಂದ ಮೇಲೆ, ಸಿಟ್ಟಿಗೆ ತಿರುಗದೆ ಇದ್ದದ್ದಲ್ಲ, ಮೈ ತಾನಾಗಿ ಬಿಗಿದುಕೊಂಡಿತ್ತು ಎಂಬುದು ಅವಳಿಗೆ ಗೊತ್ತಾಯಿತು. ಪಕ್ಕದಲ್ಲಿ ತುಳಜಾ ಕೂಡ ಹಾಗೇ ನೆಲ ನೋಡುತ್ತ ನಡೆಯುತ್ತಿದ್ದಳು.

ಶೇವಂತಾಳ ತಾಯಿ ಪುತಳಾಬಾಯಿ ಕಲಬುರಗಿಯಲ್ಲಿ ಬ್ರಹ್ಮಪುರದ ಅಂಚಿನ ಓಣಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದಳು. ಹತ್ತಿ ಗಿರಣಿಯ ಕೆಲಸ. ಮಗಳನ್ನು ಕಂಡು ಅತ್ತು, ಕಣ್ಣು ಒರೆಸಿಕೊಂಡು, ಕೂಡಲೇ ಬೈದಳು.

"ಏಳು ವರ್ಷ ಜೀವ ಅದಾಳೋ ಇಲ್ಲೋ ಗೊತ್ತಿರಲಿಲ್ಲ. ಈಗ ಒಂದು ತಾಟು ಹಿಡಕೊಂಡು ಬಂದಿ! ಧಣಿ ಗಿಣಿ ಎಲ್ಲ ಮುಗೀತಂತ ಹೇಳ್ಲಾಕತ್ತ್ಯಾರ, ಜಾಗೀರು ತಗೀತಾರಂತ. ನಿಮ್ಮ ಅತ್ತಿಗೆ ಯಾರರ ಹೇಳ್ಯಾರೇನು?"

"ಹೇಳಿದ್ರ ಓ ಅನ್ನಂಗಿಲ್ಲವ್ವ ಆಕಿ," ಅಂದಳು ಶೇವಂತಾ.

ಮರುದಿನ ಮಗುವನ್ನು ಕರೆದುಕೊಂಡು ಶಹಾಬಜಾರಕ್ಕೆ ಹೋದಳು. ಓಣಿಯಲ್ಲಿ ಎಷ್ಟೋ ಬಾಗಿಲಿಗೆ ಕೀಲಿ ಬಿದ್ದಿತ್ತು. ನಬಿಸಾಬನ ಅಂಗಡಿ ತೆರೆದಿತ್ತು. ಹೊರಗೆ ಕಪ್ಪಿಟ್ಟ ಪಾತ್ರೆಗಳ ರಾಶಿ, ಒಳಗೆ ನೆಲದಲ್ಲಿ ಕೆಂಡದ ಗುಂಡಿ, ನವಸಾಗರದ ಬಿಳಿ ಹೊಗೆ. ಹೊಗೆಯ ಹಿಂದೆ ಒಬ್ಬ ತಿದಿ ಒತ್ತುತ್ತಿದ್ದ.

"ಕಲಾಯಿ ಮಾಡಸ್ಬೇಕೇನ್ ಬಾಯಿ?" ನಬಿಸಾಬ್ ಕೇಳಿದ.

"ಗುಲಾಮ್ ರಸೂಲ್ ಚಾಚಾ ಅದಾರೇನ್ರಿ? ಕಮಲಾಪುರ ಕಡಿ ಕಾರಭಾರಿ ಇದ್ರು."

ನಬಿಸಾಬ್ ಓಣಿಯ ಎರಡೂ ಕಡೆ ನೋಡಿದ. "ಆ ಹೆಸರಿನ ಆದ್ಮಿ ಇಲ್ಲಿ ಯಾರೂ ಇಲ್ಲ. ಜಾವ್."

ತಿದಿ ಒತ್ತುವವನ ಗಡ್ಡ ಬೋಳಿಸಿತ್ತು. ಗಡ್ಡವಿದ್ದ ಜಾಗದ ಚರ್ಮ ಮಾತ್ರ ಬಿಳಿಚಿಕೊಂಡಿತ್ತು. ಶೇವಂತಾ ಗುರುತು ಹಿಡಿದಳು.

"ಚಾಚಾ! ರಸೂಲಚಾಚಾ!"

ಅವನು ತಲೆ ಎತ್ತಲಿಲ್ಲ. ಮೈ ಬಿಗಿಯಾಯಿತು. ನೆಲ ನೋಡುತ್ತ ದನಿ ನಿಲ್ಲುವವರೆಗೆ ಕಾದು, ಮತ್ತೆ ತಿದಿ ಒತ್ತಿದ. ಈ ಕಾಯುವಿಕೆಯನ್ನು ಶೇವಂತಾ ಮನೆಯಲ್ಲಿ ದಿನಾ ನೋಡಿದ್ದಳು.

"ಕರೀಬ್ಯಾಡ ಬಾಯಿ," ನಬಿಸಾಬ್ ದನಿ ತಗ್ಗಿಸಿದ. "ನಾನೂ ಕರಿಯಂಗಿಲ್ಲ. ಹಳ್ಳದ ಜೊಂಡಿನಾಗ ಎರಡು ದಿನ ನೀರಿನಾಗ ಕೂತಿದ್ದನಂತ. ಬಂದಾಗಿಂದ ಹಿಂಗೇ. ಹೆಸರಿಗೆ ಏಳಂಗಿಲ್ಲ."

ತುಳಜಾ ತಾಯಿಯ ಬಗಲಿನಿಂದ ಗಂಟು ಎಳೆದು ತಾಟನ್ನು ನೆಲಕ್ಕಿಟ್ಟಳು. ರಾಶಿಯಲ್ಲಿದ್ದ ಒಂದು ಸೌಟು ತೆಗೆದುಕೊಂಡಳು. ಮೂರು ಸಲ ಬಡಿದಳು.

ತಿದಿ ನಿಂತಿತು. ಆ ಮನುಷ್ಯ ಎದ್ದು ನಿಂತ. ಒಂದು ಕಾಲಿನಿಂದ ನೆಲ ತಡವಿ ಜೋಡು ಹುಡುಕಿದ. ಗಾಡಿಯಿಂದ ಏನೋ ಇಳಿಸುವವನಂತೆ ಕೈ ಪಕ್ಕಕ್ಕೆ ಹೋಯಿತು. ಆಮೇಲೆ ಕೆಂಡ ಕಂಡಿತು, ಅಂಗಡಿ ಕಂಡಿತು, ಕೆಳಗೆ ನಿಂತ ಹುಡುಗಿ ಕಂಡಳು. ಅವನ ಬಾಯಿ ಸ್ವಲ್ಪ ಹೊತ್ತು ಸುಮ್ಮನೆ ಅಲುಗಾಡಿತು.

"ತುಳಜಾ..." ಅಂದ. ಕೂಗಲಿಲ್ಲ. ಆದರೆ ಆ ಸಂಜೆಯ ಹಾಗೇ ಎಳೆದು ಅಂದ. "ತುಳಜವ್ವಾ..."

"ಓ ಅನ್ನು," ಶೇವಂತಾ ಮಗುವಿನ ಭುಜ ಹಿಡಿದಳು. "ಚಾಚಾ ಅದಾನ ನೋಡು. ಮನುಷ್ಯಾ ಅದಾನ. ಓ ಅನ್ನು ನನ್ನವ್ವ."

ಹುಡುಗಿ ಅವನನ್ನು ನೋಡುತ್ತಲೇ ಇದ್ದಳು. ಗುರುತು ಸಿಕ್ಕಿತ್ತು, ಕಣ್ಣಲ್ಲಿ ಅದು ಕಾಣುತ್ತಿತ್ತು. ಸೌಟು ಕೆಳಗಿಟ್ಟಳು. ತನ್ನ ಅಂಗೈಯನ್ನು ತನ್ನ ಬಾಯಿಗೆ ಗಟ್ಟಿಯಾಗಿ ಒತ್ತಿಕೊಂಡಳು. ಶೇವಂತಾ ಆ ಕೈ ಕಿತ್ತು ತೆಗೆದಳು. ಹುಡುಗಿ ಇನ್ನೊಂದು ಕೈ ಒತ್ತಿಕೊಂಡಳು.

ಗುಲಾಮ್ ರಸೂಲ್ ಆ ಸಣ್ಣ ಕೈಯನ್ನು ನೋಡಿದ. ಆಮೇಲೆ ಬಗ್ಗಿ ತಾಟು ಎತ್ತಿಕೊಂಡು ಕೂತ.

"ಚಾಚಾ, ತಾಟು ಅಲ್ಲಿ ಇರಲಿಲ್ಲ. ನಮಗ ಗೊತ್ತಿರಲಿಲ್ಲ. ತುಳಜಾನ ಅಪ್ಪ..." ಶೇವಂತಾ ಹೇಳತೊಡಗಿದಳು. ಅವನು ತಾಟಿಗೆ ಮರಳು ಹಾಕಿ ತಿಕ್ಕುತ್ತಿದ್ದ. ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ. ನಿಲ್ಲಿಸಿದಳು. ಅವನು ತಾಟು ಕಾಯಿಸಿ, ನವಸಾಗರ ಎರಚಿ, ತವರ ಹಚ್ಚಿ, ಹತ್ತಿಯಿಂದ ಒರೆಸಿದ. ಬೆಳ್ಳಗಾದ ತಾಟನ್ನು ನೀರಿಗೆ ಅದ್ದಿ ತೆಗೆದ. ಮೂಲೆಯಿಂದ ಹೊಸ ಹಗ್ಗ ಹುಡುಕಿ ಎರಡು ತೂತಿನಲ್ಲಿ ಪೋಣಿಸಿ ಗಂಟು ಹಾಕಿ, ಎಳೆದು ನೋಡಿ, ಅವಳ ಕಡೆ ತಳ್ಳಿದ. ಮತ್ತೆ ತಿದಿಗೆ ಕೈ ಹಾಕಿದ.

ಶೇವಂತಾ ಇನ್ನೂ ನಿಂತೇ ಇದ್ದಳು.

"ಹೇಳೀನಲ್ಲ ಬಾಯಿ," ಅಂದ ನಬಿಸಾಬ್. "ಆ ಹೆಸರಿನ ಆದ್ಮಿ ಇಲ್ಲಿಲ್ಲ."

ಸಂಜೆ ಪುತಳಾಬಾಯಿ ಗಿರಣಿಯಿಂದ ಬಂದು ನುಚ್ಚು ಬೇಯಿಸಿದಳು. ಮಗು ಹೊರಗೆ ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತಿತ್ತು.

"ತುಳಜಾ, ಉಣ್ಣಾಕ ಬಾ!" ಪುತಳಾಬಾಯಿ ಕೂಗಿದಳು. "ಏ ತುಳಜಾ! ಕಿವಿ ಕೇಳಂಗಿಲ್ಲೇನ್ ಇದಕ್ಕ?"

ಎದುರುಮನೆಯ ಹೆಂಗಸು ಇಣುಕಿ ನೋಡಿದಳು. ನುಚ್ಚು ಆರುತ್ತಿತ್ತು. ಶೇವಂತಾ ಎದ್ದು, ಬಾಗಿಲ ಪಕ್ಕದ ಗೂಟಕ್ಕೆ ತಾಟನ್ನು ಹೊಸ ಹಗ್ಗದಿಂದ ತೂಗುಹಾಕಿದಳು. ಸೌಟು ತೆಗೆದುಕೊಂಡು ಮೂರು ಸಲ ಬಡಿದಳು. ಹುಡುಗಿ ಎದ್ದು ಓಡಿ ಬಂದು, ಕೈ ತೊಳೆದು, ಪಂಕ್ತಿಗೆ ಕೂತಳು.

"ಇದೇನ ಗಡ್ಡ್ಯಾಗಿನ ಚಾಳಿ?" ಅಂದಳು ಪುತಳಾಬಾಯಿ. "ಇಲ್ಲಿ ಇದೆಲ್ಲ ನಡ್ಯಂಗಿಲ್ಲ ನೋಡು."

"ಉಣ್ಣಲಿ ಮೊದಲು," ಅಂದಳು ಶೇವಂತಾ.